ಊಟ ಆಯ್ತು ಅನ್ನುತ್ತಿದ್ದ ಅಕ್ಕಯ್ಯಮ್ಮ

ಗೋವಿಂದರಾಜನಗರದ ಅಕ್ಕಯ್ಯಮ್ಮನ ಮನೆಯಲ್ಲಿ ಗುಳಿಗೆಗಳಿಗೂ ಪರಿಮಳವಿತ್ತು. ಮಲ್ಲಿಗೆ ಊದಿನಕಡ್ಡಿಯ ಖಾಲಿ ಡಬ್ಬದಲ್ಲಿ ಬೆಳಗಿನ ಗುಳಿಗೆ, ಗಂಧದ ಡಬ್ಬದಲ್ಲಿ ಮಧ್ಯಾಹ್ನದ್ದು, ಸಂಪಿಗೆ ಡಬ್ಬದಲ್ಲಿ ರಾತ್ರಿಯದು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ಅವಳು. ಗುಳಿಗೆಯ ಹಾಳೆಯ ಮೇಲೆ ಬರೆದಿರುವುದು ಅವಳ ಕಣ್ಣಿಗೆ ಇರುವೆಯ ಸಾಲು. ಮೂಗು ಮಾತ್ರ ಮೋಸ ಮಾಡುತ್ತಿರಲಿಲ್ಲ. ಮೂವತ್ತೆಂಟು ವರ್ಷ ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆದವಳ ಮೂಗು ಅದು.

ಗಂಡ ತೀರಿಕೊಂಡ ವರ್ಷ ಸಕ್ಕರೆ ಕಾಯಿಲೆ ಬಂತು. ಎರಡು ವರ್ಷ ಬಿಟ್ಟು ಬಿಪಿ ಅಂದರು. ಆಮೇಲೆ ಗಂಟಲ ಬುಡ ಸಣ್ಣಗೆ ಊದಿಕೊಂಡು ಥೈರಾಯ್ಡ್ ಅಂದರು. ಕಾಲು ಮಡಚಿ ಕೂತು ಕೂತು ಸವೆದಿದ್ದ ಮಂಡಿಗಳು ಕೊನೆಗೆ ಕೈಕೊಟ್ಟವು. ಒಂದೊಂದಕ್ಕೂ ಒಂದೊಂದು ಕಡೆ ಡಾಕ್ಟರು, ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ ಚೀಟಿ. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿದವಳಲ್ಲ. ಒಂದು ಅಂಗಡಿಯಲ್ಲಿ ಸೀರೆ ಕೊಂಡು ಪಕ್ಕದ ಅಂಗಡಿಯಲ್ಲಿ ಅದನ್ನು ಬಿಚ್ಚಿ ಹರವಿದರೆ ಹೇಗೋ, ಇದೂ ಹಾಗೇ ಎಂದು ಅವಳ ಎಣಿಕೆ. ಮಕ್ಕಳಿರಲಿಲ್ಲ. ತೀರಿಹೋದ ತಂಗಿಯ ಮಗ ಪದ್ಮನಾಭ ಒಬ್ಬ ಇದ್ದ. ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದು, ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ.

ಆದರೂ ಆಗ ಅಕ್ಕಯ್ಯಮ್ಮ ಗಟ್ಟಿಯಾಗಿಯೇ ಇದ್ದಳು. ಕಾರಣ ಹನುಮವ್ವ.

ಹನುಮವ್ವ ಅದೇ ವಠಾರದ ಪಕ್ಕದ ಕೋಣೆಯವಳು. ಹಿರಿಯೂರು ಕಡೆಯಿಂದ ಬಂದವಳು. ಇಬ್ಬರೂ ಎದುರುಬದುರು ಮಣೆ ಹಾಕಿಕೊಂಡು, ಇದ್ದಿಲ ಪುಡಿಯ ಹಿಟ್ಟನ್ನು ಬಿದಿರ ಕಡ್ಡಿಗೆ ಹೊಸೆಯುತ್ತಾ ಇಪ್ಪತ್ತೆರಡು ವರ್ಷ ಕಳೆದಿದ್ದರು. ಕೆಲಸ ಬಿಟ್ಟ ಮೇಲೂ ಮಧ್ಯಾಹ್ನದ ಊಟ ಒಟ್ಟಿಗೇ. ಎರಡು ಮುದ್ದೆಗೆ ಎಸರು. ಹನುಮವ್ವ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿಯುವಳು, ಅಕ್ಕಯ್ಯಮ್ಮ ಕೋಲು ತಿರುಗಿಸುವಳು.

"ಏನ್ ಅಕ್ಕಯ್ಯ, ಸಕ್ಕರೆ ಕಾಯ್ಲೆ ಬಂದ್ಮೇಲೂ ನಿನ್ ನಾಲ್ಗೆಗೆ ಒಂದ್ ಚೂರೂ ಸಿಹಿ ಬರ್ಲಿಲ್ವಲ್ಲ" ಎಂದು ಹನುಮವ್ವ ಅಣಕಿಸುವಳು.

"ನಿಂಗ್ಯಾಕೆ ಬರ್ಲಿಲ್ಲ ಅಂತ ನಂಗೊತ್ತು ಕಣೇ. ನಿನ್ ಬಾಯಿಗೆ ಹೆದ್ರಿ ಅದೂ ಓಡ್ಹೋಯ್ತು."

ಹೋದ ಯುಗಾದಿ ಕಳೆದ ಮೇಲೆ ಹನುಮವ್ವನ ಎರಡೂ ಕಣ್ಣಿಗೆ ಪೊರೆ ಬಂತು. ಸುಂಕದಕಟ್ಟೆಯಲ್ಲಿದ್ದ ಮಗ ಬಂದು ಕರೆದುಕೊಂಡು ಹೋದ. ಸುಂಕದಕಟ್ಟೆ ಎಂದರೆ ಏನು ಮಹಾ ದೂರ, ಮಾಗಡಿ ರೋಡಿನಲ್ಲಿ ಬಸ್ ಹತ್ತಿದರೆ ಬಂತು. "ಬಸ್ಸೇನೋ ಹೆಂಗಸ್ರಿಗೆ ಫ್ರೀ, ಮಂಡಿ ಒಪ್ಪಬೇಕಲ್ಲ" ಎಂದು ಅಕ್ಕಯ್ಯಮ್ಮ ನಕ್ಕಳು. ಆ ದಿನ ಪದ್ಮನಾಭ ಅವಳ ಪುಟ್ಟ ಫೋನಿನಲ್ಲಿ ಎರಡನ್ನು ಒತ್ತಿ ಹಿಡಿದರೆ ಹನುಮವ್ವ, ಮೂರನ್ನು ಒತ್ತಿ ಹಿಡಿದರೆ ತಾನು ಸಿಗುವ ಹಾಗೆ ಮಾಡಿಕೊಟ್ಟ.

ಮಾರನೆಯ ದಿನ ಅಕ್ಕಯ್ಯಮ್ಮ ಒಂದು ಮುದ್ದೆಗೆ ಎಸರಿಟ್ಟಳು. ಎರಡು ಮುದ್ದೆಯ ಹಿಟ್ಟಾದರೆ ಕೋಲಿಗೆ ಹಿಡಿತ ಸಿಗುತ್ತದೆ. ಒಂದರದ್ದು ತಳಕ್ಕೆ ಅಂಟಿಕೊಂಡು, ಹಿಡಿಯುವವರೂ ಇಲ್ಲದೆ, ಕೋಲಿನ ಜೊತೆ ಪಾತ್ರೆಯೇ ಗಿರಗಿರ ತಿರುಗಿತು. ಗಂಟು ಗಂಟಾದ ಆ ಮುದ್ದೆಯನ್ನು ಹೇಗೋ ನುಂಗಿದಳು. ಮೂರನೆಯ ದಿನ ಅನ್ನಕ್ಕಿಟ್ಟಳು. ಒಂದು ಹಿಡಿ ಅಕ್ಕಿಗೆ ಕುಕ್ಕರ್ ಕೂಗುವುದು ಅವಳಿಗೆ ಯಾಕೋ ನಾಚಿಕೆಯ ವಿಷಯದಂತೆ ಕಂಡಿತು. ಬರುಬರುತ್ತಾ ಮಧ್ಯಾಹ್ನ ಒಲೆ ಹಚ್ಚುವುದೇ ನಿಂತಿತು. ಬೆಳಿಗ್ಗೆ ಟೀ, ಎರಡು ರಸ್ಕು. ಸಂಜೆ ಹಸಿವಾದರೆ ಒಂದಿಷ್ಟು ಅನ್ನ, ಮಜ್ಜಿಗೆ. ಇಲ್ಲವಾದರೆ ಅದೂ ಇಲ್ಲ. ಗುಳಿಗೆಗಳನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಊಟಕ್ಕೆ ಮುಂಚೆ ಎಂದಿದ್ದನ್ನು ಮುಂಚೆ ನುಂಗಿದಳು. ಆ ಊಟ ಹಿಂದೆಯೇ ಬಂತೇ, ನಾಲ್ಕು ಗಂಟೆ ತಡವಾಗಿ ಬಂತೇ, ಬರಲೇ ಇಲ್ಲವೇ ಎನ್ನುವುದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ದಿನಾ ಮಧ್ಯಾಹ್ನ ಒಂದೂವರೆಗೆ ಎರಡನ್ನು ಒತ್ತಿ ಹಿಡಿಯುವಳು.

"ಊಟ ಆಯ್ತೇನೆ?"

"ಆಯ್ತು ಅಕ್ಕಯ್ಯ. ನಿಂದು?"

"ನಂದೂ ಆಯ್ತು."

ಇಷ್ಟೇ ಮಾತು. ಆಮೇಲೆ ಆ ಕಡೆ ಹನುಮವ್ವನ ಸೊಸೆಯ ಟಿವಿ ಸ್ವಲ್ಪ ಹೊತ್ತು ಕೇಳಿಸುವುದು. "ಇಡ್ಲಾ?" "ಇಡು."

ಅಕ್ಕಯ್ಯಮ್ಮ ಬೇರೆ ಯಾವ ಸುಳ್ಳನ್ನೂ ಹೇಳುವವಳಲ್ಲ. ಆದರೆ ಇದು ಸುಳ್ಳು ಎಂದು ಅವಳಿಗೆ ಅನ್ನಿಸಿದರಲ್ಲವೇ? ಚಿಕ್ಕಂದಿನಲ್ಲಿ ಅವ್ವ ಹೇಳಿಕೊಟ್ಟಿದ್ದಳು: ಯಾರೇ ಆಗಲಿ ಊಟ ಆಯ್ತಾ ಎಂದರೆ ಆಯ್ತು ಅನ್ನಬೇಕು. ಇಲ್ಲ ಅಂದರೆ, ನನಗೊಂದು ಎಲೆ ಹಾಕಿ ಎಂದು ಬಾಯಿಬಿಟ್ಟು ಕೇಳಿದ ಹಾಗೆ. ಅವ್ವ ಎರಡು ದಿನ ಬರೀ ನೀರು ಕುಡಿದುಕೊಂಡಿದ್ದಾಗಲೂ ಬೇಲಿಯಾಚೆಯವರಿಗೆ ಆಯ್ತು ಅಂದದ್ದನ್ನು ಅಕ್ಕಯ್ಯಮ್ಮ ಕಿವಿಯಾರೆ ಕೇಳಿದ್ದಳು. ವಠಾರದ ಮಾಲೀಕರ ಸೊಸೆ ಸುಮಾ ಬಟ್ಟೆ ಒಣಹಾಕುತ್ತಾ "ಆಂಟಿ, ಊಟ ಆಯ್ತಾ?" ಎಂದರೆ ಆಯ್ತು. ಪದ್ಮನಾಭ ಫೋನಿನಲ್ಲಿ ಕೇಳಿದರೆ ಆಯ್ತು. ಸಕ್ಕರೆ ಡಾಕ್ಟರು ತಲೆ ಎತ್ತದೆ "ಊಟ ತಿಂಡಿ ಎಲ್ಲಾ ಸರಿಯಾಗಿ ಆಗ್ತಿದೆಯಾ ಅಮ್ಮ?" ಎಂದರೂ, "ಆಗ್ತಿದೆ ಸಾರ್."

ಮಳೆಗಾಲ ಶುರುವಾಗುವ ಹೊತ್ತಿಗೆ ನಡುಕ ಬಂತು. ಹನ್ನೊಂದು, ಹನ್ನೆರಡು ಗಂಟೆಗೆಲ್ಲಾ ಕೈ ಗಡಗಡ, ಮೈಯೆಲ್ಲಾ ತಣ್ಣನೆಯ ಬೆವರು. ಆಗ ಒಂದು ಅಚ್ಚು ಬೆಲ್ಲ ಕಡಿದು ಬಾಯಿಗೆ ಹಾಕಿಕೊಂಡರೆ ಸ್ವಲ್ಪ ಹೊತ್ತಿಗೆ ಜೀವ ಬಂದ ಹಾಗಾಗುತ್ತಿತ್ತು. ಸಕ್ಕರೆ ಡಾಕ್ಟರ ಹತ್ತಿರ ಸರದಿಯಲ್ಲಿ ಕೂತಾಗಲೂ ಹಾಗೇ ಆಗಿ, ಸೆರಗಿನ ಗಂಟಿನಲ್ಲಿದ್ದ ಬೆಲ್ಲ ತಿಂದಳು, ಮೇಲೆ ಸಕ್ಕರೆ ಹಾಕಿದ ಟೀ ಕುಡಿದಳು. ಆಮೇಲೆ ರಕ್ತ ತೆಗೆದರು. ಸಕ್ಕರೆ ಆಕಾಶಕ್ಕೆ ಏರಿದೆ ಎಂದು ಬಂತು. ಡಾಕ್ಟರು ಗುಳಿಗೆಯ ಪವರು ಜಾಸ್ತಿ ಮಾಡಿದರು. ಬೆಲ್ಲದ ವಿಷಯ ಅವಳು ಎತ್ತಲಿಲ್ಲ, ಬೈಸಿಕೊಳ್ಳುವ ಭಯ.

ಪವರು ಜಾಸ್ತಿಯಾದ ಮೇಲೆ ನಡುಕದ ಜೊತೆ ತಲೆಸುತ್ತೂ ಸೇರಿತು. ಬಿಪಿ ಡಾಕ್ಟರಿಗೆ ತಲೆಸುತ್ತು ಎಂದಳು. ಅವರು ತಲೆಸುತ್ತಿಗೆ ಒಂದು ಗುಳಿಗೆ ಬರೆದರು. ಅದನ್ನು ನುಂಗಿದರೆ ಹಗಲೆಲ್ಲಾ ಮಂಪರು. ಮಂಪರಿನಲ್ಲಿ ಎಡವಿ ಮಂಡಿ ಉಳುಕಿತು. ಮಂಡಿ ಡಾಕ್ಟರು ನೋವಿನ ಗುಳಿಗೆ ದಿನಕ್ಕೆ ಎರಡು ಮಾಡಿದರು. ಮುಂದಿನ ಸಲ ಬಿಪಿಯೂ ಏರಿತ್ತು. ಮಲ್ಲಿಗೆಯ ಡಬ್ಬದ ಮುಚ್ಚಳ ಈಗ ಮುಚ್ಚಿಕೊಳ್ಳುತ್ತಿರಲಿಲ್ಲ.

ಆಷಾಢದಲ್ಲಿ ಒಂದು ಸಲ ಬಚ್ಚಲ ಬಾಗಿಲಲ್ಲಿ ಕುಸಿದಳು. ಯಾರಿಗೂ ಹೇಳಲಿಲ್ಲ. ಇನ್ನೊಂದು ಸಲ ವಠಾರದ ನಲ್ಲಿಯ ಮುಂದೆಯೇ ಬಿದ್ದಳು, ತುಂಬಿದ ಬಿಂದಿಗೆಯ ಸಮೇತ. ಹಣೆ ಒಡೆಯಿತು. ಸುಮಾ ಓಡಿ ಬಂದು ಎತ್ತಿ ಕೂರಿಸಿದಳು. ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿ ತಂದುಕೊಟ್ಟಳು.

"ಆಂಟಿ, ಬೇಜಾರ್ ಮಾಡ್ಕೋಬೇಡಿ" ಎಂದಳು, ಹಣೆಗೆ ಅರಿಶಿನ ಒತ್ತುತ್ತಾ. "ನಾವೆಲ್ಲಾ ಕೆಲ್ಸಕ್ಕೆ ಹೋಗ್ತೀವಿ. ಬಾಗ್ಲು ಹಾಕ್ಕೊಂಡು ಒಳಗೆ ಬಿದ್ದಿದ್ರೆ ಯಾರಿಗ್ ಗೊತ್ತಾಗುತ್ತೆ ಹೇಳಿ? ಮಾವನೂ ಅದೇ ಅಂತಿದಾರೆ. ಒಬ್ರನ್ನೇ ಇಟ್ಕೊಳ್ಳೋಕೆ ಭಯ ಆಗುತ್ತೆ ಅಂತ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಕ್ಕಯ್ಯಮ್ಮ ಕಾಫಿ ಕುಡಿದು ಲೋಟ ವಾಪಸ್ ಕೊಟ್ಟಳು.

ಆ ಭಾನುವಾರ ಪದ್ಮನಾಭ ಬಂದ. ಒಳ್ಳೆಯ ಹುಡುಗ. ಹುಡುಗ ಎಂದರೂ ಅವನಿಗೂ ನಲವತ್ತೈದಾಗಿತ್ತು, ತಲೆ ಬೆಳ್ಳಗಾಗಿತ್ತು. ಮಂಚದ ತುದಿಯಲ್ಲಿ ಕೂತು ಚಪ್ಪಲಿಯ ಕಡೆಯೇ ನೋಡುತ್ತಾ ಮಾತಾಡಿದ.

"ದೊಡ್ಡಮ್ಮ, ಕೆಂಗೇರಿ ಹತ್ರ ಒಂದು ಆಶ್ರಮ ನೋಡ್ಕೊಂಡ್ ಬಂದಿದೀನಿ. ಕ್ಲೀನಾಗಿದೆ. ನರ್ಸ್ ಇರ್ತಾರೆ. ಟೈಮಿಗೆ ಸರಿಯಾಗಿ ಊಟ ಗುಳಿಗೆ ಎಲ್ಲಾ ಕೊಡ್ತಾರೆ."

"ನಾನ್ ಬರಲ್ಲ ಕಣಪ್ಪ."

"ನಮ್ಮನೇಲಿ ಇಟ್ಕೋಬೋದಿತ್ತು. ನಿಮಗೇ ಗೊತ್ತಲ್ಲ, ಎರಡು ರೂಮು, ಅವಳಮ್ಮನೂ ಅಲ್ಲೇ ಇದಾರೆ..."

"ನಾನು ಕೇಳ್ದೆನೇನೋ ಅದನ್ನ? ನಂಗೆ ನನ್ ಮನೆ ಇದೆ."

ಮನೆ ಎಂದರೆ ಹತ್ತಕ್ಕೆ ಹತ್ತರ ಒಂದು ಕೋಣೆ. ಆದರೆ ಆ ಗೋಡೆಗೆ ಗಂಡ ಹೊಡೆದ ಮೊಳೆ ಇತ್ತು, ಆ ಮೊಳೆಗೆ ಅವನ ಅಂಗಿ ಇನ್ನೂ ಇತ್ತು. ನೆಲದಲ್ಲಿ ಅವಳ ಹೊಸೆಯುವ ಮಣೆ ಉಜ್ಜಿ ಉಜ್ಜಿ ಕಪ್ಪಾದ ಗುರುತಿತ್ತು. ಅದರ ಎದುರಿಗೇ ಹನುಮವ್ವನ ಮಣೆಯ ಗುರುತು.

ಪದ್ಮನಾಭ ನಿಟ್ಟುಸಿರು ಬಿಟ್ಟ. "ಸರಿ, ಒಂದ್ ಕೆಲ್ಸ ಮಾಡೋಣ. ವಿಜಯನಗರದಲ್ಲಿ ವಯಸ್ಸಾದವ್ರನ್ನೇ ನೋಡೋ ಲೇಡಿ ಡಾಕ್ಟರ್ ಒಬ್ರಿದಾರಂತೆ. ಬುಧವಾರ ತೋರ್ಸೋಣ. ಒಬ್ರೇ ಇರ್ಬೋದು ಅಂತ ಅವರು ಚೀಟಿ ಬರ್ಕೊಟ್ರೆ ಇರಿ, ಮಾಲೀಕರಿಗೂ ತೋರಿಸ್ತೀನಿ. ಇಲ್ಲ ಅಂದ್ರೆ ಹಟ ಮಾಡ್ಬಾರ್ದು."

"ಆಗ್ಲಿ" ಎಂದಳು ಅಕ್ಕಯ್ಯಮ್ಮ.

"ಊಟ ಆಯ್ತಾ?"

"ಆಯ್ತು ಕಣಪ್ಪ."

ಬುಧವಾರ ಬೆಳಿಗ್ಗೆ ಎಂದಿಗಿಂತ ಶ್ರದ್ಧೆಯಿಂದ ಗುಳಿಗೆ ನುಂಗಿದಳು. ಡಾಕ್ಟರ ಮುಂದೆ ಕೊರತೆ ಕಾಣಬಾರದಲ್ಲ. ಬೀಳದೆ ಇರಲಿ ಎಂದು ದೇವರಿಗೆ ಕೈ ಮುಗಿದು, ರಸ್ಕನ್ನೂ ತಿನ್ನದೆ ಟೀ ಮಾತ್ರ ಕುಡಿದು ಆಟೋ ಹತ್ತಿದಳು. ಪದ್ಮನಾಭ ಫೋನಿನಲ್ಲಿ ಹೇಳಿದ್ದ ಹಾಗೆ ಎಲ್ಲಾ ಕವರುಗಳನ್ನೂ ಮೂರೂ ಡಬ್ಬಗಳನ್ನೂ ಬ್ಯಾಗಿಗೆ ತುಂಬಿಕೊಂಡಿದ್ದಳು. ಸರದಿ ಬರುವಷ್ಟರಲ್ಲಿ ಹನ್ನೆರಡೂವರೆ ಆಯಿತು. ಕೈ ನಡುಗತೊಡಗಿತ್ತು. ಪದ್ಮನಾಭ ಪಕ್ಕದಲ್ಲೇ ಇದ್ದುದರಿಂದ ಬೆಲ್ಲ ತೆಗೆಯಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

ಡಾಕ್ಟರು ಶಿವರಂಜನಿ ನಲವತ್ತರ ಒಳಗಿನ ಹೆಂಗಸು. ಡಬ್ಬಗಳ ಮುಚ್ಚಳ ತೆಗೆದವರೇ ಮೂಸಿ ನೋಡಿ, "ಅಯ್ಯೋ, ದೇವರ ಮನೇನೇ ತಂದಿದೀರಲ್ಲ ಅಮ್ಮ" ಎಂದು ನಕ್ಕರು. ಗುಳಿಗೆಗಳನ್ನೆಲ್ಲಾ ಮೇಜಿನ ಮೇಲೆ ಹರವಿ, ಚೀಟಿ ಚೀಟಿ ತಾಳೆ ನೋಡಿದರು. ನಗು ನಿಂತಿತು.

"ಇದೆಲ್ಲಾ ದಿನಾ ತಗೋತೀರಾ?"

"ಒಂದಿನಾನೂ ಬಿಟ್ಟಿಲ್ಲ ಮೇಡಂ."

"ಇವತ್ತೂ?"

"ಇವತ್ತೂ."

"ತಿಂಡಿ ಆಯ್ತಾ?"

"ಆಯ್ತು."

ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತವನ್ನು ಪುಟ್ಟ ಮಿಷನ್ನಿಗೆ ಇಟ್ಟರು. ಮಿಷನ್ನು ಪೀಂ ಎಂದಿತು. ಡಾಕ್ಟರು ಅದನ್ನು ನೋಡಿದರು, ಅವಳ ಹಣೆಯ ಬೆವರನ್ನು ನೋಡಿದರು. ಎದ್ದು ಒಂದು ಲೋಟದಲ್ಲಿ ಗ್ಲೂಕೋಸ್ ಕದಡಿ ತಾವೇ ಕುಡಿಸಿದರು.

"ಐವತ್ನಾಲ್ಕು ಇದೆ. ಇನ್ನೊಂಚೂರು ಇಳಿದಿದ್ರೆ ಇಲ್ಲೇ ಬೀಳ್ತಿದ್ರಿ. ತಿಂಡಿ ತಿಂದು ಬಂದವ್ರಿಗೆ ಇಷ್ಟು ಕೆಳಗೆ ಯಾಕೆ ಹೋಯ್ತು?" ಪದ್ಮನಾಭನ ಕಡೆ ತಿರುಗಿದರು. "ಸರಿಯಾಗಿ ತಿಂದೂ ಹೀಗೆ ಬೀಳ್ತಿದಾರೆ ಅಂದ್ರೆ ಕಾರಣ ಹುಡುಕ್ಬೇಕು. ಅಡ್ಮಿಟ್ ಮಾಡಿ. ಒಬ್ರನ್ನೇ ಬಿಡೋ ಹಾಗಿಲ್ಲ ಅಂತಾನೇ ನಾನು ಬರೀಬೇಕಾಗುತ್ತೆ."

ಪೆನ್ನು ತೆಗೆದರು. ಅಕ್ಕಯ್ಯಮ್ಮ ಆ ಪೆನ್ನಿನ ತುದಿಯನ್ನೇ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಈಗ ಅಲ್ಲಿ ಏನು ಬರೆಯುತ್ತಾರೆ ಎನ್ನುವುದು ಗೊತ್ತಾಯಿತು. ಮೊಳೆ, ಅಂಗಿ, ನೆಲದ ಮೇಲಿನ ಎರಡು ಕಪ್ಪು ಗುರುತು. ಒಂದು ಮಾತು ಹೇಳಿದರೆ ಅವೆಲ್ಲಾ ಉಳಿಯಬಹುದು. ಆ ಮಾತು ಅವಳ ಅವ್ವ ಸಾಯುವ ತನಕ ಆಡದೇ ಹೋದ ಮಾತು.

"ಪದ್ಮನಾಭ, ನೀನು ಒಂಚೂರು ಹೊರಗಿರಪ್ಪ."

"ಯಾಕೆ ದೊಡ್ಡಮ್ಮ?"

"ಹೆಂಗಸ್ರ ವಿಷಯ ಕಣೋ. ಎದ್ದೇಳು."

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡಿತು. ಡಾಕ್ಟರು ಕಾದರು. ಅಕ್ಕಯ್ಯಮ್ಮ ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರನ್ನು ಮೇಜಿನ ಮೇಲಿಟ್ಟಳು, ಗುಳಿಗೆಗಳ ಪಕ್ಕದಲ್ಲಿ.

"ಆಗಿಲ್ಲ" ಎಂದಳು.

"ಏನಾಗಿಲ್ಲ?"

"ತಿಂಡಿ ಆಗಿಲ್ಲ. ನಿನ್ನೆ ಮಧ್ಯಾಹ್ನದ್ದೂ ಆಗಿಲ್ಲ." ಹೇಳುವಾಗ ಅವಳ ಕತ್ತು ಎದೆಗೆ ಅಂಟಿಕೊಂಡಿತ್ತು. "ಅಕ್ಕಿ ಬೇಳೆ ಇಲ್ಲ ಅಂತಲ್ಲ ಮೇಡಂ, ತಪ್ಪು ತಿಳ್ಕೋಬೇಡಿ. ಎಲ್ಲಾ ಇದೆ. ಒಬ್ಳಿಗೇ ಅಂತ ಒಲೆ ಹಚ್ಚೋಕೆ ಕೈ ಬರಲ್ಲ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಎಷ್ಟು ದಿನದಿಂದ?"

"ಹನುಮವ್ವ ಹೋದಾಗ್ಲಿಂದ."

ಹನುಮವ್ವ ಯಾರು ಎಂದು ಅವರು ಕೇಳಿದರು. ಅಕ್ಕಯ್ಯಮ್ಮ ಹೇಳಿದಳು: ಕಡ್ಡಿ, ಮಣೆ, ಎರಡು ಮುದ್ದೆಯ ಎಸರು, ತಿರುಗುವ ಪಾತ್ರೆ. ಹೊರಗೆ ಸರದಿಯವರು ಗೊಣಗುವುದು ಕೇಳುತ್ತಿತ್ತು. ಡಾಕ್ಟರು ಮತ್ತೆ ಒಂದು ಸಲ ಬೆರಳು ಚುಚ್ಚಿ ನೋಡಿದರು. ಏರಿತ್ತು.

"ನೋಡಿ ಅಮ್ಮ. ನೀವು ಮೂರು ಹೊತ್ತು ಉಣ್ತೀರ ಅಂದ್ಕೊಂಡು ಅವರೆಲ್ಲಾ ಗುಳಿಗೆ ಬರೆದಿದಾರೆ. ಅವರದ್ದೂ ತಪ್ಪಲ್ಲ. ಊಟ ಇಲ್ದೆ ಇದನ್ನ ನುಂಗಿದ್ರೆ ಇರೋ ಸಕ್ಕರೇನೂ ಎಳ್ಕೊಂಡು ಹೋಗುತ್ತೆ. ನಡುಕ ಅದರದ್ದೇ, ತಲೆಸುತ್ತೂ ಅದರದ್ದೇ. ಮಂಡಿಗೆ ಕೊಟ್ಟಿದ್ದು ಬಿಪಿನ ಏರಿಸ್ತಿರ್ಬೋದು." ಒಂದೊಂದೇ ಗುಳಿಗೆಯನ್ನು ಬೆರಳಲ್ಲಿ ಪಕ್ಕಕ್ಕೆ ತಳ್ಳಿದರು. ರಾತ್ರಿಯ ಸಕ್ಕರೆ ಗುಳಿಗೆ ಬೇಡ. ತಲೆಸುತ್ತಿನದ್ದು ಬೇಡ. ಮಂಡಿಯದ್ದು ನಿಲ್ಲಿಸಿ, ಬಿಸಿ ನೀರಿನ ಶಾಖ ಕೊಡಿ. ಬೆಳಗಿನ ಸಕ್ಕರೆ ಗುಳಿಗೆ ಅರ್ಧಕ್ಕೆ ಇಳಿದು ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಿತು. ಥೈರಾಯ್ಡಿನದ್ದು ಎದ್ದ ಕೂಡಲೇ, ಮೊದಲಿನ ಹಾಗೇ. ಬಿಪಿಯದ್ದು ಈಗಿರುವಂತೆ ಇರಲಿ, ಮುಂದಿನ ವಾರ ನೋಡಿ ಹೇಳುತ್ತೇನೆ ಎಂದರು.

"ಈ ಅರ್ಧ ಗುಳಿಗೇನ ತಟ್ಟೆ ಮುಂದೆ ಇಟ್ಕೊಂಡ ಮೇಲೇ ನುಂಗ್ಬೇಕು. ತಟ್ಟೆ ಇಲ್ಲ ಅಂದ್ರೆ ಇದೂ ಇಲ್ಲ. ಗೊತ್ತಾಯ್ತಾ? ಇನ್ಮೇಲೆ ನಾನು ಊಟ ಆಯ್ತಾ ಅಂದ್ರೆ, ಆಗಿಲ್ದಿದ್ರೆ ಆಗಿಲ್ಲ ಅನ್ನಿ. ನಾನೇನು ಎಲೆ ಹಾಕಲ್ಲ, ಹೆದ್ರಬೇಡಿ."

ಅಕ್ಕಯ್ಯಮ್ಮನಿಗೆ ನಗುವೂ ಬಂತು, ಕಣ್ಣೂ ತುಂಬಿತು. "ಅವನಿಗೆ ಹೇಳ್ಬೇಡಿ ಮೇಡಂ. ದೊಡ್ಡಮ್ಮ ಉಪವಾಸ ಇದ್ರು ಅಂತ ಗೊತ್ತಾದ್ರೆ ಅವನ ಮನಸ್ಸಿಗೆ ಮುಳ್ಳಾಗುತ್ತೆ."

ಪದ್ಮನಾಭನನ್ನು ಒಳಗೆ ಕರೆದು ಡಾಕ್ಟರು ಹೇಳಿದ್ದು ಇಷ್ಟು: "ಗುಳಿಗೆ ಜಾಸ್ತಿಯಾಗಿತ್ತು, ಕಮ್ಮಿ ಮಾಡಿದೀನಿ. ಅಡ್ಮಿಟ್ ಬೇಡ. ಮೊದಲ ವಾರ ದಿನಾ ಯಾರಾದ್ರೂ ಒಂದ್ ಸಲ ನೋಡ್ಕೊಳ್ಳಿ. ಒಂದು ತಿಂಗಳು ಬೀಳದೆ ಇದ್ರೆ ಚೀಟಿ ಬರೆದು ಕೊಡ್ತೀನಿ."

ಒಂದು ತಿಂಗಳು. ಸುಮಾ ದಿನಾ ಸಂಜೆ ಬಾಗಿಲಲ್ಲಿ ಇಣುಕಿ ಹೋದಳು. ಅಕ್ಕಯ್ಯಮ್ಮ ಬೆಳಿಗ್ಗೆ ಉಪ್ಪಿಟ್ಟು ಕೆದಕಿದಳು, ಮಧ್ಯಾಹ್ನ ಅನ್ನಕ್ಕಿಟ್ಟಳು. ಕುಕ್ಕರ್ ಕೂಗಿದಾಗ ನಾಚಿಕೆಯಾದರೂ ತಡೆದುಕೊಂಡಳು. ತಟ್ಟೆಯನ್ನು ಮುಂದೆ ಇಟ್ಟುಕೊಂಡು, ಅರ್ಧ ಗುಳಿಗೆ ನುಂಗಿ, ಎದುರಿನ ಕಪ್ಪು ಗುರುತನ್ನು ನೋಡುತ್ತಾ ಅಗಿಯುವಳು. ಊಟ ಎಷ್ಟು ಬೇಗ ಮುಗಿಯುತ್ತದೆ ಎನ್ನುವುದು ಅವಳಿಗೆ ಅರವತ್ತೇಳರಲ್ಲಿ ಗೊತ್ತಾಯಿತು. ಮಾತಿಲ್ಲದ ಊಟಕ್ಕೆ ಐದು ನಿಮಿಷ ಸಾಕು. ಆಮೇಲೆ ತಟ್ಟೆ ತೊಳೆದು ಬೋರಲು ಹಾಕಿದರೆ ಮಧ್ಯಾಹ್ನ ಹಾಗೇ ಬಿದ್ದಿರುವುದು.

ನಡುಕ ನಿಂತಿತು. ತಲೆಸುತ್ತು ಹತ್ತೇ ದಿನಕ್ಕೆ ಹೋಯಿತು. ಮಂಡಿ ಮಾತ್ರ ತನ್ನ ಮಾತು ಬಿಡಲಿಲ್ಲ. ಮಲ್ಲಿಗೆಯ ಡಬ್ಬದ ಮುಚ್ಚಳ ಮತ್ತೆ ಮುಚ್ಚಿಕೊಂಡಿತು, ಸಂಪಿಗೆಯದ್ದರಲ್ಲಿ ಒಂದೇ ಒಂದು ಗುಳಿಗೆ ಲೊಟಲೊಟ ಅನ್ನುತ್ತಿತ್ತು. ತಿಂಗಳು ತುಂಬಿದ ದಿನ ಶಿವರಂಜನಿ ಡಾಕ್ಟರು ಚೀಟಿ ಬರೆದರು. ಪದ್ಮನಾಭ ಅದನ್ನು ಮಾಲೀಕರಿಗೆ ತೋರಿಸಿ, ಅವಳನ್ನು ಬಾಗಿಲ ತನಕ ಬಿಟ್ಟು, "ಖುಷಿನಾ ದೊಡ್ಡಮ್ಮ?" ಎಂದು ಕೇಳಿ ಹೋದ. ಅವನ ಮುಖದಲ್ಲಿ ಒಂದು ಭಾರ ಇಳಿದಿತ್ತು. ಅಕ್ಕಯ್ಯಮ್ಮ ಒಳಗೆ ಬಂದು ಚೀಟಿಯನ್ನು ಗಂಡನ ಅಂಗಿಯ ಜೇಬಿನಲ್ಲಿ ಇಟ್ಟಳು. ಕೋಣೆ ಅವಳದೇ ಆಗಿ ಉಳಿಯಿತು. ಅದರ ಸದ್ದಿಲ್ಲದಿರುವಿಕೆಯೂ ಅವಳದೇ.

ಅಂದು ಸಂತೋಷಕ್ಕೋ ಏನೋ, ಮುದ್ದೆ ಮಾಡಿದಳು. ಎರಡು ಮುದ್ದೆಗೇ ಎಸರಿಟ್ಟಳು, ಪಾತ್ರೆ ತಿರುಗದಿರಲಿ ಎಂದು. ಇನ್ನೊಂದು ನಾಳೆ ಅಂಬಲಿಗಾಯಿತು. ತಟ್ಟೆ ಮುಂದಿಟ್ಟುಕೊಂಡು ಎರಡನ್ನು ಒತ್ತಿ ಹಿಡಿದಳು.

"ಊಟ ಆಯ್ತೇನೆ?"

"ಆಯ್ತು ಅಕ್ಕಯ್ಯ. ನಿಂದು?"

ಅಕ್ಕಯ್ಯಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಇಷ್ಟು ದಿನ ಈ ಮಾತನ್ನು ಕೇಳಿದ್ದಳು, ಆದರೆ ಕೇಳಿಸಿಕೊಂಡಿರಲಿಲ್ಲ. ಆಯ್ತು ಎಂದ ಆ ದನಿಯನ್ನು ಅವಳು ಬಲ್ಲಳು. ಬೇಲಿಯ ಈಚೆ ನಿಂತು ಅವ್ವ ಹೇಳುತ್ತಿದ್ದ ದನಿ ಅದು. ನಾಲ್ಕೈದು ತಿಂಗಳಿಂದ ತನ್ನದೇ ಬಾಯಲ್ಲಿ ಇದ್ದ ದನಿ.

"ಹನುಮವ್ವ, ಏನ್ ಸಾರು ಇವತ್ತು?"

ಆ ಕಡೆ ಟಿವಿ ಮಾತ್ರ ಮಾತಾಡಿತು.

"ನನ್ ಹತ್ರಾನೂ ಮುಚ್ಚಿಡ್ತೀಯೇನೆ?"

"ಅವರೆಲ್ಲಾ ಕೆಲ್ಸಕ್ಕೆ ಹೋಗ್ತಾರೆ ಅಕ್ಕಯ್ಯ. ಸೊಸೆ ಟಿವಿ ಹಾಕಿಟ್ಟು ಹೋಗ್ತಾಳೆ, ಬೇಜಾರಾಗ್ದೆ ಇರ್ಲಿ ಅಂತ. ಮಾಡಿಟ್ಟೇ ಹೋಗಿರ್ತಾಳೆ ಪಾಪ. ಬಡಿಸ್ಕೊಂಡು ಒಬ್ಳೇ..."

"ಎದ್ದೇಳು. ತಡಕ್ಕೊಂಡು ಹೋಗಿ ತಟ್ಟೆ ತಗೋ. ಫೋನ್ ಇಡ್ಬೇಡ. ನಂದೂ ಆಗಿಲ್ಲ."

ಅತ್ತ ಕಾಲು ಎಳೆದ ಸದ್ದು, ಪಾತ್ರೆಯ ಮುಚ್ಚಳದ ಸದ್ದು, ತಟ್ಟೆ ನೆಲಕ್ಕೆ ತಾಗಿದ ಸದ್ದು. ಅಕ್ಕಯ್ಯಮ್ಮ ಫೋನನ್ನು ಎದುರಿನ ಕಪ್ಪು ಗುರುತಿನ ಮೇಲೆ ಇಟ್ಟಳು. ಮುದ್ದೆ ಆರುತ್ತಿತ್ತು. ಅರ್ಧ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಆ ಕಡೆ ಮೊದಲ ತುತ್ತು ಅಗಿಯುವ ಸದ್ದು ಕೇಳಿಸುವ ತನಕ ಕಾದಳು.